ಇದೆಲ್ಲಾ ಎಲ್ಲಿತನಕ ಅದ? ವಿಶ್ವ ಎಂದರೇನು, ಅದು ನಮಗೆ ಅರ್ಥವಾದೀತೇ

ಬೇಸಿಗೆ ರಾತ್ರಿ ಕಲಬುರಗಿಯಲ್ಲಿ ಕರೆಂಟ್ ಹೋದರೆ ಮನೆಯೊಳಗೆ ಕೂರಲಾಗುವುದಿಲ್ಲ. ಚಾಪೆ ಎತ್ತಿಕೊಂಡು ಎಲ್ಲರೂ ಮಾಳಿಗೆ ಹತ್ತುತ್ತೇವೆ. ಮೇ ತಿಂಗಳ ಅಂಥದ್ದೊಂದು ರಾತ್ರಿ ಪಕ್ಕದ ಮನೆಯ ಹುಡುಗ ಫೋನ್ ಹಿಡಿದುಕೊಂಡು ನನ್ನ ಹತ್ತಿರ ಬಂದ. ಎಂಟನೇ ತರಗತಿ ಮುಗಿಸಿದವನು. ಫೋನಿನಲ್ಲಿ ಜೇಮ್ಸ್ ವೆಬ್ ದೂರದರ್ಶಕ ತೆಗೆದ ಚಿತ್ರವಿತ್ತು, 2022ರ ಜುಲೈನಲ್ಲಿ ಬಿಡುಗಡೆಯಾದದ್ದು. ಕಪ್ಪು ಬಟ್ಟೆಯ ಮೇಲೆ ಬಣ್ಣದ ಚುಕ್ಕಿ ಚೆಲ್ಲಿದಂತಿರುವ ಚಿತ್ರ. ಅದರ ಕೆಳಗೆ ಯಾರೋ ಬರೆದು ವಾಟ್ಸ್ಆಪ್‌ನಲ್ಲಿ ಹಂಚಿದ್ದರು: ವಿಶ್ವ ಹುಟ್ಟಿದ ಕಥೆಯೆಲ್ಲ ಸುಳ್ಳು, ವೆಬ್ ಅದನ್ನು ತೋರಿಸಿಕೊಟ್ಟಿದೆ, ವಿಜ್ಞಾನಿಗಳು ಮುಚ್ಚಿಡುತ್ತಿದ್ದಾರೆ.

"ಕಾಕಾ, ಇದ್ರಾಗಿನ ಒಂದೊಂದು ಚುಕ್ಕಿನೂ ಒಂದೊಂದು ಗ್ಯಾಲಕ್ಸಿ ಅಂತ. ಖರೇ ಏನ್ರಿ?"

ಬಹುಪಾಲು ಖರೇ, ಅಂದೆ. ತೋಳು ಚಾಚಿ ಬೆರಳ ತುದಿಯಲ್ಲಿ ಒಂದು ಮರಳಿನ ಕಣ ಹಿಡಿದರೆ ಅದು ಆಕಾಶದಲ್ಲಿ ಎಷ್ಟು ಜಾಗ ಮರೆಮಾಡುತ್ತದೋ, ಅಷ್ಟೇ ಜಾಗದ ಚಿತ್ರ ಅದು. ಅಷ್ಟರಲ್ಲೇ ಸಾವಿರಾರು ಗ್ಯಾಲಕ್ಸಿಗಳು, ಅಂದರೆ ನಕ್ಷತ್ರಗಳ ಕೂಟಗಳು, ಇವೆ. ಹುಡುಗ ಫೋನ್ ಕೆಳಗಿಟ್ಟು ಮೇಲೆ ನೋಡಿದ. "ಹಂಗಾದ್ರ ಇದೆಲ್ಲಾ ಎಲ್ಲಿತನಕ ಅದ?"

ಅವನಿಗೆ ಆ ರಾತ್ರಿ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ಇದೇ ಪ್ರಶ್ನೆ ಬೇರೆ ಮಾಳಿಗೆಗಳಲ್ಲೂ ಎದ್ದಿರುತ್ತದೆ.

ವಿಶ್ವ ಅಂದರೆ ಯಾವುದು

ನಾವು ವಿಶ್ವವನ್ನು ಒಂದು ದೊಡ್ಡ ಡಬ್ಬಿಯಂತೆ ಕಲ್ಪಿಸಿಕೊಳ್ಳುತ್ತೇವೆ. ಒಳಗೆ ನಕ್ಷತ್ರಗಳು, ಸುತ್ತ ಖಾಲಿ ಜಾಗ. ಖಗೋಳ ವಿಜ್ಞಾನ ಹೇಳುವ ವಿಶ್ವ ಹಾಗಲ್ಲ. ವಸ್ತು, ಶಕ್ತಿ, ಅವು ಇರುವ ಜಾಗ, ಅವು ಸವೆಸುವ ಕಾಲ, ಎಲ್ಲ ಸೇರಿದ್ದೇ ವಿಶ್ವ. ಡಬ್ಬಿಯೂ ಅದರಲ್ಲೇ ಬಂತು. ಆದ್ದರಿಂದ "ವಿಶ್ವ ಯಾವ ಜಾಗದಲ್ಲಿದೆ" ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ, ಜಾಗ ಎನ್ನುವುದೇ ವಿಶ್ವದ ಭಾಗ.

ಅಳತೆ ಮನಸ್ಸಿಗೆ ನಿಲ್ಲಬೇಕಾದರೆ ನಮ್ಮ ಕಡೆಯ ತೊಗರಿ ಕಾಳು ಸಾಕು. ಸೂರ್ಯನನ್ನು ಒಂದು ತೊಗರಿ ಕಾಳಿನಷ್ಟಕ್ಕೆ ಕುಗ್ಗಿಸಿ ಕಲಬುರಗಿ ಕೋಟೆಯ ಮುಂದೆ ಇಡೋಣ. ಆಗ ಭೂಮಿ ಕಣ್ಣಿಗೆ ಕಾಣದಷ್ಟು ಸಣ್ಣ ಧೂಳು, ಕಾಳಿನಿಂದ ಸುಮಾರು ಒಂದೂವರೆ ಮೊಳ ದೂರ. ಕೊನೆಯ ಗ್ರಹ ನೆಪ್ಚೂನ್ ಇಪ್ಪತ್ತು ಮೀಟರಿನಾಚೆ, ರಸ್ತೆ ದಾಟಿದರೆ ಸಿಕ್ಕಿತು. ಹಾಗಾದರೆ ಪಕ್ಕದ ನಕ್ಷತ್ರ, ಅಂದರೆ ಇನ್ನೊಂದು ಕಾಳು, ಎಲ್ಲಿ? ಹೈದರಾಬಾದಿನಲ್ಲಿ. ನೇರ ಗೆರೆಯಲ್ಲಿ ಸುಮಾರು 175 ಕಿಲೋಮೀಟರ್. ಕಲಬುರಗಿಯಿಂದ ಹೈದರಾಬಾದಿನವರೆಗೆ ನಡುವೆ ಹೆಚ್ಚುಕಡಿಮೆ ಏನೂ ಇಲ್ಲ.

ಇಂಥ ಕೋಟಿಗಟ್ಟಲೆ ನಕ್ಷತ್ರಗಳು ಒಟ್ಟಿಗೆ ಸುತ್ತುವ ಕೂಟವೇ ಗ್ಯಾಲಕ್ಸಿ. ನಮ್ಮದರ ಹೆಸರು ಕ್ಷೀರಪಥ, ಅದರಲ್ಲಿ ಹತ್ತು ಸಾವಿರ ಕೋಟಿಗೂ ಹೆಚ್ಚು ನಕ್ಷತ್ರಗಳಿವೆ. ಅದೇ ತೊಗರಿ ಲೆಕ್ಕದಲ್ಲಿ ಕ್ಷೀರಪಥದ ಅಗಲ ಚಂದ್ರನಿಗಿರುವ ದೂರದ ಹತ್ತು ಪಟ್ಟು. ಇಲ್ಲಿಗೆ ಕಾಳಿನ ಲೆಕ್ಕವೂ ಸೋತಿತು. ಗ್ಯಾಲಕ್ಸಿಗಳೇ ಹತ್ತು ಸಾವಿರ ಕೋಟಿಗೂ ಹೆಚ್ಚು ಇವೆ.

ಬೆಳಕು ತರುವುದು ಹಳೆಯ ಸುದ್ದಿ

ಇಂಥ ದೂರಕ್ಕೆ ಕಿಲೋಮೀಟರ್ ಸಾಲದು. ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡುತ್ತದೆ. ಒಂದು ವರ್ಷದಲ್ಲಿ ಅದು ಓಡುವ ದೂರಕ್ಕೆ ಜ್ಯೋತಿರ್ವರ್ಷ ಎನ್ನುತ್ತಾರೆ. ಹೆಸರಿನಲ್ಲಿ ವರ್ಷ ಇದ್ದರೂ ಅದು ಕಾಲದ ಅಳತೆಯಲ್ಲ, ದೂರದ ಅಳತೆ. ಚಂದ್ರನಿಂದ ಬೆಳಕು ಬರಲು ಒಂದೂಕಾಲು ಸೆಕೆಂಡ್, ಸೂರ್ಯನಿಂದ 8 ನಿಮಿಷ 20 ಸೆಕೆಂಡ್, ಪಕ್ಕದ ನಕ್ಷತ್ರದಿಂದ ನಾಲ್ಕು ವರ್ಷಕ್ಕೂ ಹೆಚ್ಚು.

ಫೋನ್ ಇಲ್ಲದ ಕಾಲದಲ್ಲಿ ನಮ್ಮ ಊರುಗಳಿಂದ ಮುಂಬೈಗೆ, ಪುಣೆಗೆ ದುಡಿಯಲು ಹೋದವರ ಪತ್ರ ಬರುತ್ತಿತ್ತು. ಜ್ವರ ಬಂದಿದೆ ಎಂದು ಬರೆದ ಪತ್ರ ಕೈಸೇರುವಷ್ಟರಲ್ಲಿ ಅವನು ಗುಣವಾಗಿ ಕೆಲಸಕ್ಕೆ ಹೋಗುತ್ತಿದ್ದ. ಓದುವವರಿಗೆ ಮಾತ್ರ ಜ್ವರ ಇವತ್ತಿನದು. ನಕ್ಷತ್ರದ ಬೆಳಕೂ ಹಾಗೇ. ಮೇ ತಿಂಗಳಲ್ಲಿ ನೆತ್ತಿಯ ಹತ್ತಿರ ಕಿತ್ತಳೆ ಬಣ್ಣದಲ್ಲಿ ಹೊಳೆಯುವ ಸ್ವಾತಿ ಸುಮಾರು 37 ಜ್ಯೋತಿರ್ವರ್ಷ ದೂರದಲ್ಲಿದೆ. ಆ ಹುಡುಗ ಅಂದು ನೋಡಿದ ಸ್ವಾತಿಯ ಬೆಳಕು ಹೊರಟಾಗ ಅವನ ಅಪ್ಪ ಇನ್ನೂ ಸಣ್ಣವನು.

ಈ ವಿಳಂಬ ನಮ್ಮ ಪಾಲಿಗೆ ಬಂದ ದೊಡ್ಡ ಅನುಕೂಲ. ದೂರ ನೋಡಿದಷ್ಟೂ ಹಿಂದಿನ ಕಾಲ ಕಾಣುತ್ತದೆ. ಇತಿಹಾಸಕಾರರಿಗೆ ಶಾಸನ ಸಿಗಬೇಕು, ಸಿಕ್ಕರೂ ಅಕ್ಷರ ಸವೆದಿರುತ್ತದೆ. ವಿಶ್ವದ ಹಳೆಯ ದಿನಗಳು ಮಾತ್ರ ಈಗಲೂ ನೇರವಾಗಿ ಕಣ್ಣಿಗೆ ಬೀಳುತ್ತಿವೆ.

ಸಜ್ಜೆ ರೊಟ್ಟಿಯ ಮೇಲಿನ ಎಳ್ಳು

ವಿಶ್ವ ಹಿಗ್ಗುತ್ತಿದೆ ಎಂಬ ಮಾತನ್ನು ಎಲ್ಲರೂ ಕೇಳಿರುತ್ತಾರೆ. ಅದು ಗೊತ್ತಾದದ್ದು ಹೇಗೆ?

ಶಹಾಬಾದ್ ಸ್ಟೇಷನ್ನಿನಲ್ಲಿ ನಿಲ್ಲದೆ ಹಾದು ಹೋಗುವ ಎಕ್ಸ್‌ಪ್ರೆಸ್ ಗಾಡಿಯ ಹಾರ್ನ್ ನೆನಪಿಸಿಕೊಳ್ಳಿ. ನಮ್ಮತ್ತ ಬರುವಾಗ ಸದ್ದು ಚೂಪು, ದಾಟಿದ ಕೂಡಲೇ ಅದೇ ಹಾರ್ನ್ ದಪ್ಪ ದನಿಗೆ ಇಳಿಯುತ್ತದೆ. ದೂರ ಸರಿಯುವ ಗಾಡಿಯ ಸದ್ದಿನ ಅಲೆಗಳು ಒಂದಕ್ಕೊಂದು ಅಂತರ ಹೆಚ್ಚಿಸಿಕೊಂಡು ಕಿವಿಗೆ ಬರುವುದೇ ಇದಕ್ಕೆ ಕಾರಣ. ದೂರದ ಗ್ಯಾಲಕ್ಸಿಗಳ ಬೆಳಕಿನ ಅಲೆಗಳೂ ಹೀಗೆ ಜಗ್ಗಿಕೊಂಡು ಬರುತ್ತವೆ. ಜಗ್ಗಿದ ಬೆಳಕು ಕೆಂಪಿನ ಕಡೆಗೆ ವಾಲುತ್ತದೆ. ಇದಕ್ಕೆ ಕೆಂಪು ಪಲ್ಲಟ ಎಂದು ಹೆಸರು. ವೆಸ್ಟೊ ಸ್ಲೈಫರ್ ಎಂಬ ವಿಜ್ಞಾನಿ ಇದನ್ನು ಹಲವು ಗ್ಯಾಲಕ್ಸಿಗಳಲ್ಲಿ ಅಳೆದಿದ್ದ. ಆದರೆ ಅವು ಎಷ್ಟು ದೂರ ಎಂದು ತಿಳಿಯದಿದ್ದರೆ ಆ ಅಳತೆಯಿಂದ ಹೆಚ್ಚೇನೂ ಹೊರಡದು. ದೂರದ ಬೀಗ ತೆಗೆದವರು ಹೆನ್ರಿಯೆಟಾ ಲೆವಿಟ್. ಕೆಲವು ನಕ್ಷತ್ರಗಳು ನಿಯಮಿತವಾಗಿ ಹೊಳಪು ಏರಿಸಿ ಇಳಿಸುತ್ತವೆ. ಈ ಏರಿಳಿತ ನಿಧಾನವಿದ್ದಷ್ಟೂ ನಕ್ಷತ್ರದ ನಿಜವಾದ ಹೊಳಪು ಹೆಚ್ಚು ಎಂದು ಅವರು 1912ರಲ್ಲಿ ತೋರಿಸಿದರು. ಬಲ್ಬು ಎಷ್ಟು ವ್ಯಾಟಿನದು ಎಂದು ಗೊತ್ತಿದ್ದರೆ, ಅದು ಎಷ್ಟು ಮಂಕಾಗಿ ಕಾಣುತ್ತಿದೆ ಎಂಬುದರಿಂದ ದೂರ ಹೇಳಬಹುದಲ್ಲ, ಹಾಗೆ. ಈ ಎರಡನ್ನೂ ಜೋಡಿಸಿ ಎಡ್ವಿನ್ ಹಬಲ್ 1929ರಲ್ಲಿ ಪ್ರಕಟಿಸಿದ ಫಲಿತಾಂಶ ಇದು: ಗ್ಯಾಲಕ್ಸಿ ಎಷ್ಟು ದೂರವೋ ಅಷ್ಟು ವೇಗವಾಗಿ ಅದು ಇನ್ನೂ ದೂರ ಸರಿಯುತ್ತಿದೆ. ಎರಡು ವರ್ಷ ಮೊದಲೇ ಬೆಲ್ಜಿಯಂನ ಪಾದ್ರಿ, ವಿಜ್ಞಾನಿ ಜಾರ್ಜ್ ಲೆಮೈತ್ರ ಇದನ್ನು ಲೆಕ್ಕದಿಂದ ಕಂಡಿದ್ದರು.

ನನಗೆ ಇದು ಅರ್ಥವಾದದ್ದು ಪುಸ್ತಕದಿಂದಲ್ಲ, ಅಡುಗೆಮನೆಯಲ್ಲಿ. ಭೋಗಿ ದಿನ ಅವ್ವ ಸಜ್ಜೆ ರೊಟ್ಟಿ ತಟ್ಟುತ್ತಿದ್ದಳು. ಹಿಟ್ಟಿನ ಉಂಡೆಯನ್ನು ಅಂಗೈಯಗಲ ಮಾಡಿ, ಮೇಲೆ ಎಳ್ಳು ಉದುರಿಸಿ ಒತ್ತಿ, ಮತ್ತೆ ತಟ್ಟುತ್ತ ತಿರುಗಿಸುತ್ತ ಹೋದಳು. ಒಂದು ಬೆರಳು ಅಂತರದಲ್ಲಿದ್ದ ಎರಡು ಎಳ್ಳು ನೋಡನೋಡುತ್ತ ಎರಡು ಬೆರಳು ದೂರವಾದವು. ಮೊದಲು ನಾಲ್ಕು ಬೆರಳು ದೂರ ಇದ್ದವು ಎಂಟು ಬೆರಳಿಗೆ ಹೋದವು. ಅಷ್ಟೇ ಹೊತ್ತಿನಲ್ಲಿ ಹತ್ತಿರದ್ದು ಒಂದು ಬೆರಳು ಸರಿದಿತ್ತು, ದೂರದ್ದು ನಾಲ್ಕು ಬೆರಳು. ಹಬಲ್ ಕಂಡದ್ದು ಇದನ್ನೇ. ಯಾವ ಎಳ್ಳಿನ ಮೇಲೆ ಕೂತು ನೋಡಿದರೂ ಮಿಕ್ಕವೆಲ್ಲ ತನ್ನಿಂದಲೇ ದೂರ ಓಡುತ್ತಿವೆ ಎನಿಸುತ್ತದೆ, ಆದರೆ ಯಾವ ಎಳ್ಳೂ ನಡುವಿನದಲ್ಲ. ಎಳ್ಳು ಹಿಟ್ಟಿನ ಮೇಲೆ ನಡೆದುಹೋಗಲಿಲ್ಲ, ಹಿಟ್ಟೇ ಹರಡಿತು. ಎಳ್ಳು ತಾನು ದೊಡ್ಡದಾಗಲೂ ಇಲ್ಲ. ಹಾಗೆಯೇ ಗ್ಯಾಲಕ್ಸಿಗಳ ನಡುವಿನ ಜಾಗ ಹಿಗ್ಗುತ್ತಿದೆ. ಗ್ಯಾಲಕ್ಸಿ, ಭೂಮಿ, ನಮ್ಮ ಮೈ ಹಿಗ್ಗುತ್ತಿಲ್ಲ, ಅವನ್ನು ಬೇರೆ ಬಲಗಳು ಬಿಗಿಯಾಗಿ ಹಿಡಿದಿವೆ.

ಹೋಲಿಕೆ ಕೈಕೊಡುವ ಜಾಗವನ್ನೂ ಹೇಳಬೇಕು. ರೊಟ್ಟಿಗೆ ಅಂಚು ಇದೆ. ವಿಶ್ವಕ್ಕೆ ಅಂಥ ಅಂಚು ಇದೆ ಎನ್ನಲು ಯಾವ ಸುಳಿವೂ ಸಿಕ್ಕಿಲ್ಲ. ರೊಟ್ಟಿ ಹರಡಲು ಕೊಣಮಿಗೆ ಬೇಕು, ವಿಶ್ವ ಹಿಗ್ಗಲು ಹೊರಗೆ ಜಾಗ ಬೇಕಿಲ್ಲ.

ಹಿಗ್ಗುವುದನ್ನು ಹಿಂದಕ್ಕೆ ಓಡಿಸಿ ಲೆಕ್ಕ ಹಾಕಿದರೆ ಸುಮಾರು 1380 ಕೋಟಿ ವರ್ಷಗಳ ಹಿಂದೆ ಎಲ್ಲವೂ ಅತಿ ಬಿಸಿಯಾಗಿ, ಅತಿ ದಟ್ಟವಾಗಿ ಇತ್ತು ಎಂಬಲ್ಲಿಗೆ ತಲುಪುತ್ತೇವೆ. ಅಲ್ಲಿಂದ ಶುರುವಾದ ಹಿಗ್ಗುವಿಕೆಗೆ ಮಹಾಸ್ಫೋಟ ಎಂಬ ಹೆಸರು ಬಿದ್ದಿದೆ. ಈ ಹೆಸರು ದಾರಿ ತಪ್ಪಿಸುತ್ತದೆ ಎಂಬುದು ನನ್ನ ಅನಿಸಿಕೆ. ಬಾಂಬು ಒಂದು ಜಾಗದಲ್ಲಿ ಸಿಡಿದು ಖಾಲಿ ಜಾಗಕ್ಕೆ ಚೂರು ಎಸೆಯುತ್ತದೆ. ಇಲ್ಲಿ ಜಾಗವೇ ಎಲ್ಲ ಕಡೆ ಒಟ್ಟಿಗೆ ಹಿಗ್ಗಿತು. "ಎಲ್ಲಿ ಸಿಡಿಯಿತು" ಎಂದರೆ, ನಾವು ಕೂತ ಮಾಳಿಗೆಯೂ ಆ ಜಾಗವೇ.

ಫರಸಿಯಲ್ಲಿ ಉಳಿದ ಕಾವು

ಆ ರಾತ್ರಿ ಚಾಪೆಯ ಕೆಳಗಿನ ಶಹಾಬಾದ್ ಫರಸಿ ಹತ್ತು ಗಂಟೆಯಾದರೂ ಬೆಚ್ಚಗಿತ್ತು. ಸೂರ್ಯ ಮುಳುಗಿ ಮೂರು ತಾಸು ಕಳೆದಿದೆ, ಕಲ್ಲು ಮಾತ್ರ ಹಗಲಿನ ಸಾಕ್ಷಿ ಹೇಳುತ್ತಿದೆ. ಬಿಸಿಲನ್ನು ಕಾಣದವನೂ ಅಂಗೈ ಊರಿ "ಇವತ್ತು ಭಾರಿ ಬಿಸಿಲಿತ್ತು" ಎನ್ನಬಲ್ಲ.

ವಿಶ್ವ ಒಮ್ಮೆ ಅಷ್ಟು ಬಿಸಿಯಾಗಿದ್ದರೆ ಅದರ ಕಾವೂ ಎಲ್ಲೋ ಉಳಿದಿರಬೇಕು. ಅದು ಸಿಕ್ಕಿದ್ದು ಅಚಾನಕ್ಕಾಗಿ. 1964ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಆರ್ನೊ ಪೆಂಜಿಯಾಸ್ ಮತ್ತು ರಾಬರ್ಟ್ ವಿಲ್ಸನ್ ಒಂದು ದೊಡ್ಡ ರೇಡಿಯೋ ಆಂಟೆನಾ ಪರೀಕ್ಷಿಸುತ್ತಿದ್ದರು. ಎತ್ತ ತಿರುಗಿಸಿದರೂ, ಹಗಲಾಗಲಿ ರಾತ್ರಿಯಾಗಲಿ, ಒಂದೇ ಸಮನೆ ಗೊರಗೊರ ಸದ್ದು. ಆಂಟೆನಾದೊಳಗೆ ಪಾರಿವಾಳ ಗೂಡು ಕಟ್ಟಿದ್ದವು, ಹಿಕ್ಕೆ ಕೆರೆದು ತೆಗೆದು ತೊಳೆದರು. ಸದ್ದು ಹೋಗಲಿಲ್ಲ. ಅದು ಇಡೀ ಆಕಾಶದಿಂದ ಬರುತ್ತಿದ್ದ ವಿಶ್ವದ ಹಳೆಯ ಕಾವು ಎಂಬುದು 1965ರಲ್ಲಿ ಸ್ಪಷ್ಟವಾಯಿತು. 1978ರಲ್ಲಿ ಇಬ್ಬರಿಗೂ ನೊಬೆಲ್ ಸಿಕ್ಕಿತು. ಈ ಬೆಳಕು ಹೊರಟಾಗ ವಿಶ್ವಕ್ಕೆ ಸುಮಾರು 3.8 ಲಕ್ಷ ವರ್ಷ. ಅದಕ್ಕೂ ಮೊದಲು ವಿಶ್ವ ದಟ್ಟ ಮಂಜಿನಂತಿತ್ತು, ಬೆಳಕು ನೇರ ಓಡುವಂತಿರಲಿಲ್ಲ. ಇಷ್ಟು ಕಾಲ ಹಿಗ್ಗಿ ಹಿಗ್ಗಿ ಆ ಕಾವು ಈಗ ಮೈನಸ್ 270 ಡಿಗ್ರಿಗೆ ಇಳಿದಿದೆ.

ಮುಟ್ಟದೆ ತಿಳಿಯುವುದು ಹೇಗೆ

1835ರಲ್ಲಿ ಫ್ರಾನ್ಸಿನ ತತ್ತ್ವಜ್ಞಾನಿ ಆಗಸ್ಟ್ ಕೋಂಟ್, ನಕ್ಷತ್ರಗಳು ಯಾವುದರಿಂದ ಆಗಿವೆ ಎಂದು ಮನುಷ್ಯ ಎಂದಿಗೂ ತಿಳಿಯಲಾರ ಎಂದು ಬರೆದ. ಒಪ್ಪಬಹುದಾದ ಮಾತೇ. ಅಲ್ಲಿಗೆ ಹೋಗಲಾಗದು, ಚೂರು ತರಲಾಗದು. ಆದರೆ 25 ವರ್ಷದೊಳಗೆ ಆ ಮಾತು ಬಿದ್ದುಹೋಯಿತು.

ಒಲೆಯ ಉರಿಗೆ ಒಂದು ಚಿಟಿಕೆ ಉಪ್ಪು ಎಸೆದು ನೋಡಿ. ಜ್ವಾಲೆ ಢಾಳಾದ ಹಳದಿಗೆ ತಿರುಗುತ್ತದೆ. ಅದು ಉಪ್ಪಿನಲ್ಲಿರುವ ಸೋಡಿಯಂನ ಗುರುತು. ಪ್ರತಿ ಮೂಲವಸ್ತುವಿಗೂ ಹೀಗೆ ತನ್ನದೇ ಬಣ್ಣದ ಗೆರೆಗಳಿವೆ, ಹೆಬ್ಬೆಟ್ಟಿನ ಗುರುತಿನಂತೆ. ಬೆಳಕನ್ನು ಪಟ್ಟಕದಲ್ಲಿ ಹಾಯಿಸಿ ಕಾಮನಬಿಲ್ಲಿನಂತೆ ಬಿಡಿಸಿದರೆ ಆ ಗೆರೆಗಳು ಕಾಣುತ್ತವೆ. ಹೀಗೆ ಬಿಡಿಸಿದ ಬಣ್ಣಪಟ್ಟಿಗೆ ರೋಹಿತ ಎನ್ನುತ್ತಾರೆ. ಜರ್ಮನಿಯ ವಿಜ್ಞಾನಿಗಳಾದ ಕಿರ್ಚಾಫ್ ಮತ್ತು ಬುನ್ಸೆನ್ ಇದನ್ನು 1859–60ರಲ್ಲಿ ಸ್ಥಾಪಿಸಿದರು.

ಮುಂದಿನದು ನಮ್ಮ ನೆಲಕ್ಕೆ ಸಂಬಂಧಪಟ್ಟದ್ದು. 1868ರ ಆಗಸ್ಟ್ 18ರಂದು ಸಂಪೂರ್ಣ ಸೂರ್ಯಗ್ರಹಣದ ನೆರಳು ದಖನ್ನಿನ ಮೇಲೆ ಹಾಯಿತು. ಲೆಫ್ಟಿನೆಂಟ್ ಜಾನ್ ಹರ್ಷೆಲ್ ಜಮಖಂಡಿಯಲ್ಲಿ ಉಪಕರಣ ಹೂಡಿದ್ದ. ಫ್ರಾನ್ಸಿನ ಪಿಯೆರ್ ಜಾನ್ಸೆನ್ ಗುಂಟೂರಿನಲ್ಲಿದ್ದ. ನಕ್ಷೆ ತೆಗೆದು ಜಮಖಂಡಿಯಿಂದ ಗುಂಟೂರಿಗೆ ಗೆರೆ ಎಳೆಯಿರಿ, ಯಾದಗಿರಿ ಜಿಲ್ಲೆಯ ಸುರಪುರ ಆ ಗೆರೆಯ ಮಗ್ಗುಲಲ್ಲೇ ಇದೆ. ಸೂರ್ಯನ ಅಂಚಿನಿಂದ ಚಿಮ್ಮುವ ಜ್ವಾಲೆಗಳ ರೋಹಿತವನ್ನು ಆ ದಿನ ಮೊದಲ ಸಲ ನೋಡಿದರು. ಅದರಲ್ಲೊಂದು ಹಳದಿ ಗೆರೆ ಇತ್ತು. ಉಪ್ಪಿನ ಹಳದಿಯ ಪಕ್ಕದ್ದೇ, ಆದರೆ ಸರಿಯಾಗಿ ಅದೇ ಜಾಗದಲ್ಲಿರಲಿಲ್ಲ. ಭೂಮಿಯ ಮೇಲೆ ಅಲ್ಲಿಯವರೆಗೆ ಗೊತ್ತಿದ್ದ ಯಾವ ವಸ್ತುವಿಗೂ ಅದು ಹೊಂದಲಿಲ್ಲ. ಇಂಗ್ಲೆಂಡಿನ ನಾರ್ಮನ್ ಲಾಕಿಯರ್ ಅದನ್ನು ಹೊಸ ಮೂಲವಸ್ತು ಎಂದ. ಸೂರ್ಯನ ಗ್ರೀಕ್ ಹೆಸರಿನಿಂದ ಹೀಲಿಯಂ ಎಂಬ ಹೆಸರು ಬಂತು. 1895ರಲ್ಲಿ ವಿಲಿಯಂ ರಾಮ್ಸೆ ಅದನ್ನು ಭೂಮಿಯ ಖನಿಜವೊಂದರಲ್ಲೇ ಹಿಡಿದು ತೋರಿಸಿದ. ಮೊದಲು ಸೂರ್ಯನಲ್ಲಿ ಸಿಕ್ಕಿ ಆಮೇಲೆ ಮನೆಯಲ್ಲಿ ಸಿಕ್ಕ ವಸ್ತು!

ವಿಶ್ವ ಅರ್ಥವಾದೀತೇ ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಈ ಹಳದಿ ಗೆರೆ. ಒಲೆಯ ಉರಿಗೂ ಸೂರ್ಯನ ಉರಿಗೂ ನಿಯಮ ಒಂದೇ ಆಗಿದ್ದರಿಂದ ಅದನ್ನು ಓದಲು ಸಾಧ್ಯವಾಯಿತು. ಇಲ್ಲೊಂದು ನಿಯಮ, ಅಲ್ಲೊಂದು ನಿಯಮ ಇದ್ದಿದ್ದರೆ ನಾವು ಕುರುಡರಾಗಿಯೇ ಉಳಿಯುತ್ತಿದ್ದೆವು.

ವಸ್ತುವೂ ಎಲ್ಲೆಡೆ ಒಂದೇ. ಆರಂಭದ ಬಿಸಿಯಲ್ಲಿ ತಯಾರಾದದ್ದು ಮುಖ್ಯವಾಗಿ ಹೈಡ್ರೋಜನ್ ಮತ್ತು ಹೀಲಿಯಂ. ಮಿಕ್ಕವನ್ನು ಬೇಯಿಸಿದವು ನಕ್ಷತ್ರಗಳು. ಬೀದರ ಕೋಟೆಯ ಜಂಬಿಟ್ಟಿಗೆ ಕಲ್ಲಿಗೆ ಕೆಂಪು ಕೊಟ್ಟ ಕಬ್ಬಿಣ, ಬಿದರಿ ಹೂಜಿಯ ಸತು, ತಾಮ್ರ, ಅದರ ಮೈಯಲ್ಲಿ ಕೂರಿಸಿದ ಬೆಳ್ಳಿ ತಂತಿ, ಇವೆಲ್ಲ ಸೂರ್ಯ ಹುಟ್ಟುವ ಮೊದಲೇ ಬಾಳಿ ಮುಗಿಸಿದ ನಕ್ಷತ್ರಗಳ ಒಡಲಲ್ಲಿ, ಅವುಗಳ ಸ್ಫೋಟ ಮತ್ತು ಡಿಕ್ಕಿಗಳಲ್ಲಿ ಆದವು.

ಕಾಣದ ತೊಂಬತ್ತೈದು ಪಾಲು

ಶರಣಬಸವೇಶ್ವರ ಜಾತ್ರೆಯಲ್ಲಿ ರಾತ್ರಿ ಹೊತ್ತು ದೂರದಿಂದ ದೊಡ್ಡ ತೊಟ್ಟಿಲು ನೋಡಿದರೆ ಬಣ್ಣದ ಬಲ್ಬುಗಳು ಗಾಳಿಯಲ್ಲಿ ತಾವೇ ಸುತ್ತುವಂತೆ ಕಾಣುತ್ತವೆ. ಕಬ್ಬಿಣದ ಚೌಕಟ್ಟು ಕತ್ತಲಲ್ಲಿ ಕಾಣದು. ಆದರೂ ಅದು ಇದೆ ಎಂದು ಗೊತ್ತು. ಇಲ್ಲದಿದ್ದರೆ ಬಲ್ಬುಗಳು ಹಾಗೆ ಸುತ್ತಲಾರವು.

ಗ್ಯಾಲಕ್ಸಿಗಳಲ್ಲೂ ಹೀಗೇ ಆಗಿದೆ. ಸೌರಮಂಡಲದಲ್ಲಿ ಸೂರ್ಯನ ಹತ್ತಿರದ ಬುಧ ಸೆಕೆಂಡಿಗೆ 47 ಕಿಲೋಮೀಟರ್ ಓಡಿದರೆ ದೂರದ ನೆಪ್ಚೂನ್ ಐದೂವರೆಯಷ್ಟೇ ಓಡುತ್ತದೆ. ಗ್ಯಾಲಕ್ಸಿಯ ಹೊರ ಅಂಚಿನ ನಕ್ಷತ್ರಗಳೂ ಹಾಗೆ ನಿಧಾನವಾಗಿರಬೇಕಿತ್ತು. 1970ರ ದಶಕದಲ್ಲಿ ವೆರಾ ರೂಬಿನ್ ಮತ್ತು ಸಂಗಡಿಗರು ಅಳೆದಾಗ ಹೊರಗಿನವೂ ಒಳಗಿನಷ್ಟೇ ವೇಗವಾಗಿ ಸುತ್ತುತ್ತಿದ್ದವು. ಕಾಣುವ ವಸ್ತುವಿನ ಸೆಳೆತ ಅವನ್ನು ಹಿಡಿದಿಡಲು ಸಾಲದು. ಕಾಣದ ಏನೋ ಹಿಡಿದಿದೆ. ಅದನ್ನು ಕಪ್ಪು ದ್ರವ್ಯ ಎಂದು ಕರೆದಿದ್ದಾರೆ. ಅದು ಏನು ಎಂದು ಇನ್ನೂ ಯಾರಿಗೂ ತಿಳಿಯದು.

1998ರಲ್ಲಿ ಇನ್ನೊಂದು ಅಚ್ಚರಿ. ವಿಶ್ವದ ಹಿಗ್ಗುವಿಕೆ ನಿಧಾನವಾಗುತ್ತಿಲ್ಲ, ವೇಗ ಪಡೆಯುತ್ತಿದೆ ಎಂದು ಎರಡು ತಂಡಗಳು ಕಂಡವು. ಅದನ್ನು ನೂಕುತ್ತಿರುವುದಕ್ಕೆ ಕಪ್ಪು ಶಕ್ತಿ ಎಂಬ ಹೆಸರಷ್ಟೇ ಸಿಕ್ಕಿದೆ. ಲೆಕ್ಕ ಹಾಕಿದರೆ ವಿಶ್ವದಲ್ಲಿ ನೂರಕ್ಕೆ ಸುಮಾರು 68 ಪಾಲು ಕಪ್ಪು ಶಕ್ತಿ, 27 ಪಾಲು ಕಪ್ಪು ದ್ರವ್ಯ. ನಕ್ಷತ್ರ, ನೆಲ, ನೀರು, ನಾವು ಎಲ್ಲ ಸೇರಿ ಉಳಿದ 5 ಪಾಲು.

ಮನುಷ್ಯನಿಗೆ ಅರ್ಥವಾದೀತೇ

ಮೊದಲು ಆ ವಾಟ್ಸ್ಆಪ್ ಮಾತು. ವೆಬ್ ಕಂಡ ಕೆಲವು ಅತಿ ಹಳೆಯ ಗ್ಯಾಲಕ್ಸಿಗಳು ನಿರೀಕ್ಷೆಗಿಂತ ಹೊಳಪಾಗಿವೆ, ಬೇಗ ಬೆಳೆದಿವೆ. ಗ್ಯಾಲಕ್ಸಿ ಹೇಗೆ ಕೂಡಿಕೊಂಡಿತು ಎಂಬ ಲೆಕ್ಕವನ್ನು ಅದಕ್ಕಾಗಿ ತಿದ್ದುತ್ತಿದ್ದಾರೆ. ಮಹಾಸ್ಫೋಟಕ್ಕೆ ಸಾಕ್ಷಿಯಾದ ಕೆಂಪು ಪಲ್ಲಟವಾಗಲಿ, ಉಳಿದ ಕಾವಾಗಲಿ, ಆರಂಭದಲ್ಲಿ ತಯಾರಾದ ಹೀಲಿಯಂನ ಪ್ರಮಾಣವಾಗಲಿ ಅದರಿಂದ ಅಲುಗಿಲ್ಲ. ಮುಚ್ಚಿಟ್ಟದ್ದೂ ಏನಿಲ್ಲ, ಈ ತಕರಾರು ತೆಗೆದು ಪ್ರಕಟಿಸಿದವರೇ ವಿಜ್ಞಾನಿಗಳು. ಇದಕ್ಕಿಂತ ಗಂಭೀರವಾದ ಇನ್ನೊಂದು ಗಂಟು ಬಿಚ್ಚಿಲ್ಲ. ಹಿಗ್ಗುವ ವೇಗವನ್ನು ಹಳೆಯ ಕಾವಿನಿಂದ ಲೆಕ್ಕ ಹಾಕಿದರೆ, ಪ್ರತಿ 32.6 ಲಕ್ಷ ಜ್ಯೋತಿರ್ವರ್ಷಕ್ಕೆ ಸೆಕೆಂಡಿಗೆ 67 ಕಿಲೋಮೀಟರ್ ಬರುತ್ತದೆ. ಹತ್ತಿರದ ಗ್ಯಾಲಕ್ಸಿಗಳಲ್ಲಿ ಅಳೆದರೆ 73ರ ಆಸುಪಾಸು. ಎರಡು ತಕ್ಕಡಿ ಎರಡು ತೂಕ ತೋರಿಸುತ್ತಿವೆ.

ಅರ್ಥವಾಗುವುದು ಎಂದರೆ ಕಣ್ಣಮುಂದೆ ತಂದುಕೊಳ್ಳುವುದು ಎಂದಾದರೆ, ವಿಶ್ವ ಯಾರಿಗೂ ಅರ್ಥವಾಗದು. ನಮ್ಮ ಕಣ್ಣು, ಮಿದುಳು ಊರು ಹೊಲದ ಅಳತೆಗೆ ಬೆಳೆದವು. ಆದರೆ ಅಳೆಯಲು, ಮುಂದೇನಾದೀತು ಎಂದು ಹೇಳಲು, ಹೇಳಿದ್ದನ್ನು ಪರೀಕ್ಷಿಸಲು ಕಲ್ಪನೆಗೆ ಸಿಗಲೇಬೇಕೆಂದಿಲ್ಲ, ಗಣಿತ ಸಾಕಾಗುತ್ತದೆ. ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿದ್ದಾಗ, ಕ್ರಿ.ಶ. 850ರ ಸುಮಾರಿಗೆ, ನೃಪತುಂಗನ ಆಳ್ವಿಕೆಯಲ್ಲಿ ಮಹಾವೀರಾಚಾರ್ಯ ಗಣಿತಸಾರಸಂಗ್ರಹ ಬರೆದ. ಅದರಲ್ಲಿ ಏಕ, ದಶ, ಶತದಿಂದ ಶುರುಮಾಡಿ 24 ಸ್ಥಾನಗಳಿಗೆ ಹೆಸರಿದೆ. ಕೊನೆಯದು ಮಹಾಕ್ಷೋಭ, ಒಂದರ ಮುಂದೆ 23 ಸೊನ್ನೆ. ಅಷ್ಟು ಕಾಳನ್ನು ಅವನೂ ಕಂಡಿರಲಾರ, ಮನಸ್ಸಿಗೂ ತಂದುಕೊಂಡಿರಲಾರ. ಆದರೂ ಹೆಸರಿಟ್ಟು ಲೆಕ್ಕಕ್ಕೆ ಸಿದ್ಧವಾಗಿಟ್ಟ. ನಮಗೆ ಕಾಣಬಲ್ಲ ವಿಶ್ವದಲ್ಲಿನ ಒಟ್ಟು ನಕ್ಷತ್ರಗಳ ಇಂದಿನ ಅಂದಾಜು ಹೆಚ್ಚುಕಡಿಮೆ ಆ ಸಂಖ್ಯೆಯ ಆಸುಪಾಸಿನಲ್ಲೇ ಬರುತ್ತದೆ. ಮಳಖೇಡದ ಪಾಳುಗೋಡೆಯ ಮುಂದೆ ನಿಂತಾಗಲೆಲ್ಲ ನನಗೆ ಇದೇ ನೆನಪು.

ಕಾಣಬಲ್ಲ ವಿಶ್ವ ಎಂದೆ. ಹುಡುಗನ ಪ್ರಶ್ನೆಗೆ ಉತ್ತರ ಅಲ್ಲಿದೆ. ನಮ್ಮ ಎರೆಹೊಲದ ಬಯಲಲ್ಲಿ ನಿಂತರೆ ಸುತ್ತ ಮುಗಿಲು ನೆಲಕ್ಕೆ ತಾಗಿದ ಗೆರೆ ಕಾಣುತ್ತದೆ. ಭೂಮಿ ಅಲ್ಲಿಗೆ ಮುಗಿಯಿತು ಎಂದಲ್ಲ, ನಮ್ಮ ಕಣ್ಣಿನ ದಾರಿ ಅಲ್ಲಿಗೆ ಮುಗಿಯಿತು ಎಂದು. ವಿಶ್ವದಲ್ಲೂ ಅಂಥ ಗೆರೆ ಇದೆ. ಅಲ್ಲಿಂದಾಚೆಯ ಬೆಳಕು ಇನ್ನೂ ನಮ್ಮನ್ನು ತಲುಪಿಲ್ಲ. ಎಲ್ಲ ದಿಕ್ಕಿಗೂ ಅದು ಈಗ ಸುಮಾರು 4600 ಕೋಟಿ ಜ್ಯೋತಿರ್ವರ್ಷ ದೂರ. 1380 ಕೋಟಿ ವರ್ಷದಲ್ಲಿ ಬೆಳಕು ಇಷ್ಟು ದೂರ ಬಂದದ್ದು ಹೇಗೆ ಎಂದರೆ, ಅದು ನಡೆಯುತ್ತಿದ್ದಾಗ ಹಿಂದಿನ ಹಾದಿ ಹಿಗ್ಗುತ್ತಲೇ ಇತ್ತು. ಗೆರೆಯಾಚೆಯೂ ವಿಶ್ವ ಮುಂದುವರಿದಿರುವುದೇ ಹೆಚ್ಚು ಸಂಭವ. ಎಷ್ಟು ದೂರ, ಕೊನೆ ಉಂಟೋ ಇಲ್ಲವೋ, ಅಳೆಯುವ ದಾರಿ ಇಂದು ನಮ್ಮ ಬಳಿ ಇಲ್ಲ. ಮೊಟ್ಟಮೊದಲ ಕ್ಷಣದ ಮಾತೂ ಹಾಗೇ, ಅಲ್ಲಿ ನಮ್ಮ ಸಮೀಕರಣಗಳು ಕೆಲಸ ನಿಲ್ಲಿಸುತ್ತವೆ. ಇನ್ನು, ಏನೂ ಇಲ್ಲದಿರುವ ಬದಲು ಇದೆಲ್ಲ ಯಾಕಿದೆ ಎಂಬ ಪ್ರಶ್ನೆಗೆ ದೂರದರ್ಶಕದಲ್ಲಿ ಉತ್ತರ ಹುಡುಕಲು ಬರುವುದಿಲ್ಲ.

ಹುಡುಗನಿಗೆ ಒಂದು ಕೆಲಸ ಹೇಳಿದ್ದೇನೆ. ದೀಪಾವಳಿ ಕಳೆದ ಮೇಲೆ, ನವೆಂಬರಿನ ಚಂದ್ರನಿಲ್ಲದ ರಾತ್ರಿ ಒಂಬತ್ತರ ಹೊತ್ತಿಗೆ, ಊರ ದೀಪಗಳಿಂದ ದೂರ ಹೊಲದ ಕಡೆ ಹೋಗಿ ನೆತ್ತಿಯಿಂದ ತುಸು ಉತ್ತರಕ್ಕೆ ನೋಡಬೇಕು. ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ ಬೆರಳಿನಿಂದ ಒರೆಸಿದಂಥ ಮಸುಕು ಬೆಳಕೊಂದು ಕಾಣುತ್ತದೆ. ಅದು ಆಂಡ್ರೊಮೀಡಾ ಗ್ಯಾಲಕ್ಸಿ, 25 ಲಕ್ಷ ಜ್ಯೋತಿರ್ವರ್ಷ ದೂರ. ಆ ಬೆಳಕು ಅರ್ಧ ದಾರಿ ಬಂದಾಗ, ಸುಮಾರು 12 ಲಕ್ಷ ವರ್ಷಗಳ ಹಿಂದೆ, ಈಗಿನ ಯಾದಗಿರಿ ಜಿಲ್ಲೆಯ ಹುಣಸಗಿ ಹತ್ತಿರದ ಇಸಾಂಪುರದಲ್ಲಿ ಆದಿಮಾನವರು ಸುಣ್ಣಕಲ್ಲಿನ ಚಪ್ಪಡಿ ಒಡೆದು ಕೈಗೊಡಲಿ ಮಾಡುತ್ತಿದ್ದರು. ಒಡೆದ ಚಕ್ಕೆಗಳು ಅಲ್ಲೇ ಬಿದ್ದಿದ್ದವು. ಬೆಳಕು ಇನ್ನೂ ದಾರಿಯಲ್ಲಿತ್ತು.